ಮೋಕ್ಷಾ ನುಂಗಿದ ಬಟನ್ ಸೆಲ್

ಬೆಳಿಗ್ಗೆ ಒಂಬತ್ತೂವರೆಯಾದರೂ ಮೋಕ್ಷಾ ಗಂಜಿ ಮುಟ್ಟಿರಲಿಲ್ಲ. ಚಮಚ ಬಾಯಿಯ ಹತ್ತಿರ ತಂದರೆ ಮುಖ ಆಚೆ ತಿರುಗಿಸುತ್ತಿದ್ದಳು. ಅಂಗಿಯ ಎದೆಯೆಲ್ಲ ಜೊಲ್ಲಿನಿಂದ ಒದ್ದೆಯಾಗಿತ್ತು.

ಅಜ್ಜಿ ಪ್ರಫುಲ್ಲಕ್ಕ ಗಂಜಿ ಬಟ್ಟಲನ್ನು ಬದಿಗಿಟ್ಟು ಮತ್ತೆ ಮಲ್ಲಿಗೆ ಕಟ್ಟಲು ಕೂತರು. ಕಟಪಾಡಿ ಪೇಟೆಯಿಂದ ಒಳಗೆ ಹೋಗುವ ದಾರಿಯಲ್ಲಿ ಅವರ ಮನೆ. ಹಿತ್ತಲಿನಲ್ಲಿ ಅರುವತ್ತು ಮಲ್ಲಿಗೆ ಗಿಡ. ಕಟ್ಟಿದ ಹೂ ಕೊಂಡೊಯ್ಯಲು ಹೂವಿನ ಕಟ್ಟೆಯವನು ಹತ್ತೂವರೆಗೆ ಬರುತ್ತಾನೆ, ಅಷ್ಟರೊಳಗೆ ಕಟ್ಟಿ ಮುಗಿಯಬೇಕು. ಮಗ ಜಿತೇಶ್ ಮಸ್ಕತ್‌ನಲ್ಲಿ, ಸೊಸೆ ಆಶ್ರಿತಾ ಉಡುಪಿಯ ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕೆ. ಎರಡು ವರ್ಷ ದಾಟಿದ ಮೊಮ್ಮಗಳು ಹಗಲೆಲ್ಲ ಅಜ್ಜಿಯ ಜೊತೆಗೇ.

ಗಂಡ ಶೀನಣ್ಣ ರಿಕ್ಷಾವನ್ನು ಅಂಗಳದಲ್ಲಿ ನಿಲ್ಲಿಸಿ ಚಾ ಕುಡಿಯಲು ಒಳಗೆ ಬಂದರು.

"ಮಗು ಎಂತದೂ ತಿನ್ನುವುದಿಲ್ಲ ಮಾರಾಯ್ರೆ," ಎಂದರು ಪ್ರಫುಲ್ಲಕ್ಕ.

"ದವಡೆ ಹಲ್ಲು ಬರುವುದಾಗಿರಬೇಕು. ಜೊಲ್ಲು ನೋಡು," ಎಂದರು ಶೀನಣ್ಣ.

ಅಷ್ಟರಲ್ಲಿ ಪಕ್ಕದ ಮನೆಯ ಪ್ಯಾಟ್ರಿಶಿಯಾ ಟೀಚರ್ ಒಂದು ಚೆಂಡು ಕಟ್ಟಿದ ಮಲ್ಲಿಗೆ ಕೊಳ್ಳಲೆಂದು ಬಂದರು. ಹೈಸ್ಕೂಲಿನಲ್ಲಿ ಮೂವತ್ತು ವರ್ಷ ವಿಜ್ಞಾನ ಕಲಿಸಿ ನಿವೃತ್ತರಾದವರು. ಮಗುವನ್ನು ಮಾತಾಡಿಸಲು ಬಗ್ಗಿದವರ ಕಣ್ಣು ಅದರ ಕೈಯಲ್ಲಿದ್ದ ಪ್ಲಾಸ್ಟಿಕ್ ಹಣತೆಯ ಮೇಲೆ ನಿಂತಿತು. ದೀಪಾವಳಿಗೆ ತಂದಿದ್ದ, ಸ್ವಿಚ್ ಒತ್ತಿದರೆ ಮಿನುಗುವ ಹಣತೆ. ಅದರ ಅಡಿಯ ಮುಚ್ಚಳ ತೆರೆದುಕೊಂಡಿತ್ತು. ಒಳಗೆ ಏನೂ ಇರಲಿಲ್ಲ.

"ಪ್ರಫುಲ್ಲಾ, ಇದರ ಬಟನ್ ಸೆಲ್ ಎಲ್ಲಿ?"

"ಬಟನ್ ಸೆಲ್ ಅಂದರೆ?"

"ನಾಣ್ಯದ ಹಾಗೆ ದುಂಡಗೆ ಇರುವ ಬ್ಯಾಟರಿ. ಬೆಳಿಗ್ಗೆ ಇದು ಉರಿಯುತ್ತಿತ್ತಾ?"

ಪ್ರಫುಲ್ಲಕ್ಕ ನೆನಪು ಮಾಡಿಕೊಂಡರು. ಎಂಟೂವರೆಗೆ ತಾವೇ ದೀಪ ಹೊತ್ತಿಸಿ ಮಗುವಿನ ಕೈಗೆ ಕೊಟ್ಟಿದ್ದರು, ಸ್ವಲ್ಪ ಹೊತ್ತು ಸುಮ್ಮನೆ ಆಡಿಕೊಂಡಿರಲಿ ಎಂದು. ಮೂವರೂ ಚಾಪೆ ಕೊಡವಿದರು, ಮಂಚದ ಅಡಿ ಹುಡುಕಿದರು. ಸೆಲ್ ಸಿಗಲಿಲ್ಲ. ಮೋಕ್ಷಾ ಒಮ್ಮೆ ಕೆಮ್ಮಿ ಅಜ್ಜಿಯ ಸೆರಗು ಹಿಡಿದುಕೊಂಡಳು.

"ಈಗಲೇ ಆಸ್ಪತ್ರೆಗೆ ಹೋಗುವ," ಎಂದರು ಟೀಚರ್.

ಶೀನಣ್ಣ ಅಷ್ಟು ಗಾಬರಿಯಾಗಲಿಲ್ಲ. "ಜಿತೇಶ್ ಸಣ್ಣವನಿದ್ದಾಗ ಎಂಟಾಣೆ ನುಂಗಿದ್ದ ಟೀಚರ್. ಬಾಳೆಹಣ್ಣು ತಿನ್ನಿಸಿದೆವು, ಮರುದಿನ ಹೊರಗೆ ಬಂತು. ಇದೂ ಹಾಗೇ ಬರುತ್ತದೆ, ಅಲ್ವಾ?"

"ನಾಣ್ಯ ಹೋದಲ್ಲಿ ಸುಮ್ಮನೆ ಇರುತ್ತದೆ ಶೀನಣ್ಣ. ಬ್ಯಾಟರಿ ಸುಮ್ಮನೆ ಇರುವುದಿಲ್ಲ. ಒದ್ದೆ ಸಿಕ್ಕಿದ ಕೂಡಲೇ ಕೆಲಸ ಶುರು ಮಾಡುತ್ತದೆ. ಎರಡು ಗಂಟೆಯೊಳಗೆ ಅನ್ನನಾಳ ಸುಡಬಹುದು. ಬಾಳೆಹಣ್ಣು ಬೇಡ, ನೀರೂ ಬೇಡ, ವಾಂತಿ ಮಾಡಿಸುವುದಂತೂ ಬೇಡವೇ ಬೇಡ."

"ನುಂಗಿದ್ದು ಯಾರೂ ನೋಡಲಿಲ್ಲವಲ್ಲ," ಎಂದರು ಶೀನಣ್ಣ.

"ನೋಡಲಿಲ್ಲ. ಅದಕ್ಕೇ ಎಕ್ಸ್‌ರೇ ಬೇಕು."

ಪ್ರಫುಲ್ಲಕ್ಕ ಮತ್ತೆ ಮಾತಿಗೆ ನಿಲ್ಲಲಿಲ್ಲ. ಮಗುವನ್ನು ಎತ್ತಿಕೊಂಡು ರಿಕ್ಷಾದಲ್ಲಿ ಕೂತರು. ಪಕ್ಕದಲ್ಲಿ ಟೀಚರೂ ಹತ್ತಿದರು. ಬಾಳೆನಾರು, ಅರ್ಧ ಕಟ್ಟಿದ ಮಲ್ಲಿಗೆ, ಎಲ್ಲ ಜಗಲಿಯಲ್ಲೇ ಉಳಿಯಿತು. ಶೀನಣ್ಣ ಚಾ ಲೋಟವನ್ನು ಅರ್ಧಕ್ಕೆ ಬಿಟ್ಟು ರಿಕ್ಷಾ ಸ್ಟಾರ್ಟ್ ಮಾಡಿದರು.

ಮಣಿಪಾಲದ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಟೀಚರ್ ದಾರಿಯಲ್ಲೇ ಫೋನ್ ಮಾಡಿದರು. ಮಗುವಿಗೆ ಎಷ್ಟು ವಯಸ್ಸು, ಉಸಿರಾಟ ಹೇಗಿದೆ, ನುಂಗಲು ಆಗುತ್ತದೆಯೇ ಎಂದು ಡಾಕ್ಟರ್ ವಿಚಾರಿಸಿದರು. ವರ್ಷ ದಾಟಿದ ಮಗುವಾದ್ದರಿಂದ, ನುಂಗಲು ಆಗುವುದಾದರೆ ಹತ್ತು ನಿಮಿಷಕ್ಕೊಮ್ಮೆ ಎರಡು ಟೀ ಚಮಚ ಜೇನು ಕೊಡುತ್ತಾ ಬನ್ನಿ, ಬೇರೇನೂ ಕೊಡಬೇಡಿ, ಎಲ್ಲೂ ನಿಲ್ಲಬೇಡಿ ಎಂದರು. ಇಂಥ ಹೊತ್ತಿಗೆ ಜೇನು ಬೇಕಾಗಬಹುದೆಂದು ಓದಿದ್ದ ಟೀಚರ್ ಹೊರಡುವ ಗಡಿಬಿಡಿಯಲ್ಲೂ ತಮ್ಮ ಮನೆಯ ಜೇನಿನ ಬಾಟಲಿ ಹಿಡಿದುಕೊಂಡೇ ಬಂದಿದ್ದರು. ಹೆದ್ದಾರಿಯ ಲಾರಿಗಳ ನಡುವೆ ರಿಕ್ಷಾ ಓಡುತ್ತಿದ್ದಾಗ ಪ್ರಫುಲ್ಲಕ್ಕ ಜೇನು ಕುಡಿಸಿದರು. ಸ್ವಲ್ಪ ಒಳಗೆ ಹೋಯಿತು, ಸ್ವಲ್ಪ ಗಲ್ಲದಿಂದ ಇಳಿಯಿತು.

ಎಕ್ಸ್‌ರೇಯಲ್ಲಿ ಅನ್ನನಾಳದ ಮೇಲ್ಭಾಗದಲ್ಲಿ ಒಂದು ಬಿಳಿ ವೃತ್ತ ಕಂಡಿತು. ಡಾಕ್ಟರ್ ಶೀನಣ್ಣನಿಗೆ ಅದರ ಅಂಚು ತೋರಿಸಿದರು. ಒಂದರೊಳಗೆ ಒಂದು, ಎರಡು ಗೆರೆ ಇತ್ತು.

"ನಾಣ್ಯಕ್ಕೆ ಹೀಗೆ ಎರಡು ಅಂಚು ಕಾಣುವುದಿಲ್ಲ. ಇದು ಬ್ಯಾಟರಿಯೇ. ಈಗಲೇ ತೆಗೆಯಬೇಕು," ಎಂದು ಮಗುವನ್ನು ಒಳಗೆ ಕರೆದುಕೊಂಡು ಹೋದರು.

ಫೋನಿನಲ್ಲಿ ಸುದ್ದಿ ತಿಳಿದು ಉಡುಪಿಯಿಂದ ಆಶ್ರಿತಾ ಓಡಿ ಬಂದಳು. ಅವಳ ಮುಖ ನೋಡುವ ಧೈರ್ಯ ಪ್ರಫುಲ್ಲಕ್ಕನಿಗೆ ಇರಲಿಲ್ಲ.

"ನಾನೇ ಅವಳ ಕೈಗೆ ಕೊಟ್ಟದ್ದು ಮಗಾ. ಕೊಟ್ಟು ಹೂ ಕಟ್ಟುತ್ತಾ ಕೂತೆ," ಎಂದರು.

ಆಶ್ರಿತಾ ಅತ್ತೆಯ ಪಕ್ಕದಲ್ಲಿ ಕೂತಳು. "ಅದರ ಮುಚ್ಚಳ ಸಡಿಲ ಅಂತ ನನಗೆ ಗೊತ್ತಿತ್ತು ಅತ್ತೆ. ಟೇಪ್ ಹಾಕಬೇಕು ಅಂತ ದಿನಾ ಅಂದುಕೊಳ್ಳುತ್ತಿದ್ದೆ. ಬ್ಯಾಟರಿ ಹೀಗೆ ಮಾಡುತ್ತದೆ ಅಂತ ನಮಗೆ ಯಾರೂ ಹೇಳಿರಲಿಲ್ಲ."

ಮುಕ್ಕಾಲು ಗಂಟೆಯ ನಂತರ ಡಾಕ್ಟರ್ ಹೊರಗೆ ಬಂದರು. ಸೆಲ್ ಹೊರಗೆ ಬಂದಿತ್ತು. ಅದು ತಾಗಿದ್ದ ಜಾಗ ಸುಟ್ಟಿತ್ತು, ಆದರೆ ತೂತಾಗಿರಲಿಲ್ಲ. "ಸಂಜೆವರೆಗೆ ಕಾದಿದ್ದರೆ ನಾನು ಈ ಮಾತು ಹೇಳುತ್ತಿರಲಿಲ್ಲ," ಎಂದರು.

ಮೋಕ್ಷಾ ಆರು ದಿನ ವಾರ್ಡಿನಲ್ಲಿದ್ದಳು. ಮೊದಲು ಮೂಗಿನ ನಳಿಕೆಯಲ್ಲಿ ಹಾಲು, ನಾಲ್ಕನೆಯ ದಿನ ಬಾಯಿಂದ ನೀರು. ಆರನೆಯ ದಿನ ತೆಳು ಗಂಜಿ ಇಳಿದಾಗ ಪ್ರಫುಲ್ಲಕ್ಕ ಕಾರಿಡಾರಿಗೆ ಹೋಗಿ ಅತ್ತು ಬಂದರು.

ಮನೆಗೆ ಬಂದ ಮೇಲೂ ಶೀನಣ್ಣನಿಗೆ ಒಂದು ಸಂಶಯ ಉಳಿದಿತ್ತು. "ಆ ಬ್ಯಾಟರಿಯ ಜೀವ ಹೋಗುತ್ತಾ ಬಂದಿತ್ತು ಟೀಚರ್. ದೀಪ ಮಂಕಾಗಿತ್ತು. ಅದು ಸುಡುವುದು ಹೇಗೆ?"

ಟೀಚರ್ ಅಂಥದ್ದೇ ಒಂದು ಹಳೆಯ ಸೆಲ್ ತಂದರು. ಕೋಳಿ ಮಾಂಸದ ಎರಡು ತುಂಡುಗಳ ನಡುವೆ ಅದನ್ನಿಟ್ಟು ಮೇಜಿನ ಮೇಲೆ, ಮಗುವಿಗೆ ಎಟಕದಷ್ಟು ಎತ್ತರದಲ್ಲಿ, ಇಟ್ಟರು.

"ಬ್ಯಾಟರಿಯ ಒಂದು ಬದಿಯ ಲೋಹ ಎಲೆಕ್ಟ್ರಾನ್ ಬಿಟ್ಟುಕೊಡುತ್ತದೆ. ಇನ್ನೊಂದು ಬದಿ ಅದನ್ನು ತೆಗೆದುಕೊಳ್ಳುತ್ತದೆ. ಈ ಕೊಡುವುದು, ತೆಗೆದುಕೊಳ್ಳುವುದೇ ಕರೆಂಟ್. ದೀಪದೊಳಗೆ ಅದು ಬಲ್ಬಿನ ಮೂಲಕ ಹೋಗುತ್ತದೆ. ಗಂಟಲಲ್ಲಿ ಬಲ್ಬ್ ಇಲ್ಲ, ಒದ್ದೆ ಮಾಂಸ ಉಂಟು. ಅದರ ಮೂಲಕ ಹೋಗುವಾಗ ಅಲ್ಲಿನ ನೀರು ಒಡೆದು ಕಾಸ್ಟಿಕ್ ಸೋಡಾದಂಥ ಕ್ಷಾರ ಹುಟ್ಟುತ್ತದೆ. ಸುಡುವುದು ಆ ಕ್ಷಾರ. ಜೇನು ಅದರ ಜೋರನ್ನು ಸ್ವಲ್ಪ ತಗ್ಗಿಸುತ್ತದೆ, ಅಷ್ಟೇ. ದೀಪ ಉರಿಸಲು ಸಾಲದ ಬ್ಯಾಟರಿಯಲ್ಲೂ ಇಷ್ಟು ಮಾಡುವ ಶಕ್ತಿ ಉಳಿದಿರುತ್ತದೆ."

ಎರಡು ಗಂಟೆ ಕಳೆದು ತುಂಡು ಬಿಡಿಸಿದಾಗ ಸೆಲ್ ತಾಗಿದ್ದ ಜಾಗ ಕಪ್ಪಾಗಿ ಲೊಳೆಲೊಳೆಯಾಗಿತ್ತು. ಶೀನಣ್ಣ ಅದನ್ನೇ ನೋಡುತ್ತಾ ನಿಂತರು. "ನಾನು ಬಾಳೆಹಣ್ಣು ತಿನ್ನಿಸುವ ಅಂದಿದ್ದೆ," ಎಂದರು ಮೆಲ್ಲನೆ.

"ನೀವೇ ಅಲ್ಲವಾ ರಿಕ್ಷಾ ಓಡಿಸಿದ್ದು," ಎಂದರು ಪ್ರಫುಲ್ಲಕ್ಕ.

ಆ ಭಾನುವಾರ ಪ್ರಫುಲ್ಲಕ್ಕ ತಮ್ಮ ಸ್ವಸಹಾಯ ಸಂಘದ ಸಭೆಯಲ್ಲಿ ಎದ್ದು ನಿಂತು ನಡೆದದ್ದನ್ನೆಲ್ಲ ಹೇಳಿದರು. ಹೂ ಕಟ್ಟುತ್ತಾ ಕೂತದ್ದನ್ನೂ ಮುಚ್ಚಿಡಲಿಲ್ಲ. ಶೀನಣ್ಣ ರಿಕ್ಷಾ ಸ್ಟ್ಯಾಂಡಿನಲ್ಲಿ ಸಿಕ್ಕಿದವರಿಗೆಲ್ಲ ಹೇಳಿದರು.

ಇದನ್ನು ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಇವತ್ತೇ ಮನೆಯೊಳಗೆ ಒಂದು ಸುತ್ತು ಬನ್ನಿ. ರಿಮೋಟ್, ಆಟಿಕೆ, ಗಡಿಯಾರ, ತೂಕದ ಯಂತ್ರ, ಮಿನುಗುವ ದೀಪ: ಬಟನ್ ಸೆಲ್ ಇರುವ ಯಾವುದೇ ವಸ್ತುವಿನ ಮುಚ್ಚಳ ಸ್ಕ್ರೂ ಹಾಕಿ ಬಿಗಿದಿರಲಿ. ಬಿಗಿಯಾಗದಿದ್ದರೆ ಅದು ಮಗುವಿನ ಕೈಗೆ ಸಿಗಬಾರದು. ಮುಗಿದ ಸೆಲ್‌ನ ಎರಡೂ ಬದಿಗೆ ಟೇಪ್ ಸುತ್ತಿ, ಎತ್ತರದಲ್ಲಿಟ್ಟು, ಒಣ ಕಸದವರಿಗೆ ಬೇರೆಯಾಗಿ ಕೊಡಿ. ಮಗು ನುಂಗಿದೆಯೆಂದು ಅನುಮಾನ ಬಂದರೆ, ಮೂಗಿಗೋ ಕಿವಿಗೋ ಹಾಕಿಕೊಂಡಿದ್ದರೂ ಸರಿ, ಲಕ್ಷಣ ಕಾಣಲಿ ಎಂದು ಕಾಯಬೇಡಿ. ಎಕ್ಸ್‌ರೇ ಇರುವ ಆಸ್ಪತ್ರೆಗೆ ಆ ಕ್ಷಣವೇ ಹೊರಡಿ. ವಾಹನ ಇಲ್ಲದಿದ್ದರೆ 108ಕ್ಕೆ ಕರೆ ಮಾಡಿ. ನುಂಗಿದ ಮಗು ವರ್ಷ ದಾಟಿದ್ದು, ನುಂಗಲು ಆಗುತ್ತಿದ್ದರೆ ಮಾತ್ರ ದಾರಿಯಲ್ಲಿ ಜೇನು ಕೊಡಬಹುದು. ಜೇನು ಹುಡುಕುತ್ತಾ ಹೊತ್ತು ಕಳೆಯಬೇಡಿ. ಎಕ್ಸ್‌ರೇಯಲ್ಲಿ ಏನೂ ಕಾಣದೆ ಮಗುವನ್ನು ಎತ್ತಿಕೊಂಡು ನಗುತ್ತಾ ಮನೆಗೆ ಬಂದರೆ, ಆ ದಿನ ನಿಮಗೆ ನಷ್ಟವಾದದ್ದು ಏನೂ ಇಲ್ಲ.