ನಮ್ಮನೆ ಮೂಗು

ದ್ರಾಕ್ಷಿ ಕೊಯ್ಲು ಮುಗಿದು ಹೊಸ ವೈನ್ ಪೀಪಾಯಿ ಸೇರಿದ ಮೇಲೆ, ಪ್ರತಿ ವರ್ಷ ನವೆಂಬರಿನ ಒಂದು ಭಾನುವಾರ ಮಧ್ಯಾಹ್ನ ಫಾಬ್ರಿಸ್ ತನ್ನ ಹೋಟೆಲಿನಲ್ಲಿ ದೊಡ್ಡ ಊಟ ಇಡುತ್ತಿದ್ದ. ಏಳು ಸುತ್ತಿನ ಊಟ, ಸುತ್ತಿಗೊಂದು ವೈನ್. ಫ್ರಾನ್ಸಿನ ಆ ಬೋನ್ ಪಟ್ಟಣದ ವೈನ್ ವರ್ತಕರು, ತೋಟದ ಒಡೆಯರು ಬೇಸಿಗೆಯಲ್ಲೇ ಕುರ್ಚಿ ಹಿಡಿದಿಡುತ್ತಿದ್ದರು. ಅಡುಗೆ ಫಾಬ್ರಿಸನದು. ಯಾವ ತಿನಿಸಿಗೆ ಯಾವ ವೈನ್ ಎಂದು ಜೋಡಿಸುವುದು ಅವನ ಹೆಂಡತಿ ಒದೀಲಳದು. ಅವಳು ಮೂಸಿ ಹೇಳಿದ್ದಕ್ಕೆ ಎದುರಾಡುವವರಿರಲಿಲ್ಲ. 'ನಮ್ಮನೆ ಮೂಗು' ಎಂದೇ ಗಂಡ ಅವಳನ್ನು ಗಿರಾಕಿಗಳಿಗೆ ಪರಿಚಯಿಸುತ್ತಿದ್ದ.

ಹಿಂದಿನ ಚಳಿಗಾಲದ ಜ್ವರ ಆ ಮೂಗನ್ನು ತಿಂದುಹಾಕಿತ್ತು. ಜ್ವರ ಇಳಿಯಿತು, ವಾಸನೆ ಮರಳಲಿಲ್ಲ. ಉಪ್ಪು, ಹುಳಿ, ಸಿಹಿ, ಕಹಿ ನಾಲಿಗೆಗೆ ತಿಳಿಯುತ್ತಿದ್ದವು, ಅಷ್ಟೇ. ಬೆಣ್ಣೆಯಲ್ಲಿ ಬೆಳ್ಳುಳ್ಳಿ ಹುರಿಯುತ್ತಿದ್ದರೂ ಅವಳ ಪಾಲಿಗೆ ಅದು ಬರೀ ಚುರುಗುಟ್ಟುವ ಸದ್ದು. ಗಿರಾಕಿಗಳಿಗೆ ಹೇಳಿಬಿಡೋಣ ಎಂದು ಅವಳೇ ಅಂದಿದ್ದಳು. ಫಾಬ್ರಿಸ್ ಹಾರಿಬಿದ್ದ.

"ಹುಚ್ಚಾ ನಿಂಗೆ? ನಿನ್ನ ಹೆಸರು ಕೇಳ್ಕೊಂಡೇ ಜನ ಬರೋದು. ಬಾಯಿ ಮುಚ್ಕೊಂಡಿರು. ಹಳೇದೆಲ್ಲ ನೆನಪಿದೆಯಲ್ಲ, ಅದನ್ನೇ ಹೇಳ್ತಾ ಹೋಗು."

ಹಾಗೆ ಅವಳು ನೆನಪಿನ ಮೇಲೆ ತಿಂಗಳುಗಳನ್ನು ತಳ್ಳಿದಳು. ಬೇಸಿಗೆ ಹೊತ್ತಿಗೆ ಫಾಬ್ರಿಸ್ ಮೈಲಿಸ್ ಎಂಬ ತರುಣಿಯನ್ನು ವೈನ್ ನೋಡಿಕೊಳ್ಳಲು ಕರೆತಂದ. ಚುರುಕಾದ ಹುಡುಗಿ. ಈ ಸಲದ ಜೋಡಿಗಳನ್ನೆಲ್ಲ ಅವಳೇ ಹೊಂದಿಸಿದಳು. "ನೀನು ಅತಿಥಿಗಳ ಜೊತೆ ಕೂತು ತಲೆ ಆಡಿಸು, ಸಾಕು" ಎಂದ ಫಾಬ್ರಿಸ್ ಹೆಂಡತಿಗೆ.

ಊಟದ ದಿನ ಒದೀಲ್ ಹಾಗೆಯೇ ತಲೆ ಆಡಿಸಿದಳು. ಬಸವನಹುಳು ಬಂತು, ಮೀನಿನ ಕಡುಬು ಬಂತು, ವೈನಿನಲ್ಲಿ ಬೇಯಿಸಿದ ಮೊಟ್ಟೆ ಬಂತು. ಮೈಲಿಸ್ ಪ್ರತಿ ಬಾಟಲಿಯನ್ನೂ ಒಳಗೆ ಪರೀಕ್ಷಿಸಿಯೇ ತರುತ್ತಿದ್ದಳು. ನಾಲ್ಕನೆಯ ಸುತ್ತಿಗೆ ಫಾಬ್ರಿಸನಿಗೆ ಹುಮ್ಮಸ್ಸು ಬಂತು. ನೆಲಮಾಳಿಗೆಯಿಂದ ಹಳೆಯ ಬಾಟಲಿಯೊಂದನ್ನು ತಾನೇ ತಂದು, ಎಲ್ಲರೆದುರು ಬಿರಡೆ ತೆಗೆದು, ಮೊದಲ ಗುಟುಕನ್ನು ಹೆಂಡತಿಯ ಗ್ಲಾಸಿಗೆ ಬಗ್ಗಿಸಿದ.

"ಮೊದಲು ನಮ್ಮನೆ ಮೂಗು!"

ಅವಳು ಗ್ಲಾಸು ತಿರುಗಿಸಿದಳು, ಮೂಸಿದಳು, ಕಣ್ಣು ಮುಚ್ಚಿದಳು. "ಮಾಗಿದ ಚೆರ್ರಿ. ಆಮೇಲೆ ಮಳೆ ಬಿದ್ದ ಕಾಡಿನ ಮಣ್ಣು. ಸೊಗಸಾಗಿದೆ."

ಎಲ್ಲರಿಗೂ ಬಡಿಸಿದ್ದಾಯಿತು. ನೋಟರಿಯ ಹೆಂಡತಿ ಮೂಗು ಸಿಂಡರಿಸಿದವಳು ಆಚೀಚೆ ನೋಡಿ, "ಹೌದೌದು, ಕಾಡಿನ ಮಣ್ಣೇ" ಎಂದಳು. ಇನ್ನಿಬ್ಬರು ಹೂಂಗುಟ್ಟಿದರು. ಮುದಿ ವರ್ತಕ ವೆರ್ನಿಯೆ ಮಾತ್ರ ಗ್ಲಾಸು ಕೆಳಗಿಟ್ಟ.

"ಮದಾಂ, ಇನ್ನೊಂದ್ಸಲ ಮೂಸಿ ನೋಡ್ತೀರಾ?"

ಒದೀಲ್ ಮತ್ತೆ ಮೂಸಿದಳು. ಏನೂ ಇಲ್ಲ. "ಸೊಗಸಾಗಿದೆ, ಮೊಸ್ಯೂ" ಎಂದಳು.

"ಬಿರಡೆ ಕೆಟ್ಟಿದೆ ಮದಾಂ. ನೆಂದ ರಟ್ಟಿನ ನಾತ. ನನ್ನ ನಾಯಿ ಕೂಡ ಮೂತಿ ತಿರುಗಿಸುತ್ತೆ."

ಮೈಲಿಸ್ ಬಂದು ಮೂಸಿದವಳೇ ಮುಖ ಬಿಳಿಚಿಕೊಂಡು ಗ್ಲಾಸುಗಳನ್ನು ಎತ್ತತೊಡಗಿದಳು. ಫಾಬ್ರಿಸ್ ಹೆಂಡತಿಯ ಹೆಗಲ ಮೇಲೆ ಕೈಯಿಟ್ಟ. ಅವನು ಏನಾದರೂ ತಮಾಷೆ ಮಾಡಿ ಪಾರುಮಾಡುತ್ತಾನೆ ಎಂದು ಅವಳು ಕಾದಳು.

"ಕ್ಷಮಿಸಿ, ಸ್ನೇಹಿತರೇ," ಅಂದ ಅವನು ದನಿ ತಗ್ಗಿಸಿ. "ಪಾಪ, ಇವಳಿಗೆ ಜ್ವರ ಬಂದಾಗಿಂದ ವಾಸನೇನೇ ತಿಳಿಯಲ್ಲ. ನನಗೂ ಹೇಳದೆ ಮುಚ್ಚಿಟ್ಟಿದ್ಲು. ಮೊನ್ನೆ ಮೊನ್ನೆ ಗೊತ್ತಾಯ್ತು. ಮನಸ್ಸು ನೋಯಿಸೋಕೆ ಇಷ್ಟ ಇರ್ಲಿಲ್ಲ."

ಅಯ್ಯೋ ಎಂಬ ಉದ್ಗಾರ ಮೇಜು ಸುತ್ತಿತು. ನೋಟರಿಯ ಹೆಂಡತಿ ಅವಳ ಕೈ ಅದುಮಿದಳು. ಅಷ್ಟು ಕರುಣೆಯ ನಡುವೆ ಕೂತು ಗಂಡನನ್ನು ಸುಳ್ಳುಗಾರ ಅನ್ನುವುದು ಹೇಗೆ? ಒದೀಲ್ ಎದ್ದು ಅಡುಗೆಮನೆಗೆ ನಡೆದಳು. ಅವನು ಹಿಂದೆಯೇ ಬಂದ.

"ಏನ್ ಮಾಡ್ಲಿ ಹೇಳು? ನೀನು ಮುಚ್ಚಿಟ್ಟೆ ಅಂದ್ರೆ ಕಾಯಿಲೆ ಅಂತಾರೆ. ನಾನು ಮುಚ್ಚಿಟ್ಟೆ ಅಂದ್ರೆ ಮೋಸ ಅಂತಾರೆ."

"ಮೋಸ ಅಲ್ವಾ ಮತ್ತೆ?"

"ಆಮೇಲೆ ಜಗಳ ಆಡೋಣ. ಕೋಳಿ ಆರ್ತಾ ಇದೆ." ಅವನು ತಟ್ಟೆಗಳ ಕಡೆ ತಿರುಗಿದ.

ಹೊರಟುಹೋದರೆ ತಪ್ಪು ಒಪ್ಪಿಕೊಂಡ ಹಾಗೆ ಎಂದು ಅವಳು ಮರಳಿ ಮೇಜಿಗೆ ಬಂದು ಕೂತಳು. ಕಿವುಡಿಯ ಹತ್ತಿರ ಆಡುವಂತೆ ಎಲ್ಲರೂ ಅವಳೊಡನೆ ಗಟ್ಟಿಯಾಗಿ, ಬಿಡಿಸಿ ಬಿಡಿಸಿ ಮಾತಾಡತೊಡಗಿದರು. ಮೈಲಿಸ್ ಪ್ರತಿ ಸುತ್ತಿಗೂ ಬಗ್ಗಿ ಅವಳ ಕಿವಿಯಲ್ಲಿ ಪಿಸುಗುಟ್ಟಿದಳು: ಇದರಲ್ಲಿ ಜೇನಿನ ವಾಸನೆ ಇದೆ ಮದಾಂ, ಇದರಲ್ಲಿ ಒಣ ಹುಲ್ಲು. ಆ ಹುಡುಗಿಯ ಒಳ್ಳೆಯತನವೇ ಎಲ್ಲಕ್ಕಿಂತ ಹೆಚ್ಚು ಚುಚ್ಚಿತು.

ಪೇರ್ ಹಣ್ಣು ಬಡಿಸುವಾಗ ಒದೀಲ್ ಅವಳ ಮುಂಗೈ ಹಿಡಿದಳು. "ಚೆನ್ನಾಗಿ ಹೇಳ್ತೀಯ ಮಗು. ನಿನಗೆ ಒಂದು ಜ್ವರ ಬರೋಕೆ ಮುಂಚೆ ಈ ಮನೆ ಬಿಡು."

ಮೈಲಿಸ್ ಅದನ್ನು ಹೊಟ್ಟೆಕಿಚ್ಚು ಅಂದುಕೊಂಡಳು. ನಗುತ್ತಾ ಕೈ ಬಿಡಿಸಿಕೊಂಡು ಮುಂದಿನ ಗ್ಲಾಸಿಗೆ ಹೋದಳು.

ಕ್ರಿಸ್ಮಸ್ಸಿಗೆ ಮೊದಲೇ ಒದೀಲ್ ಓಸೇರಿನಲ್ಲಿದ್ದ ತಂಗಿಯ ಮನೆ ಸೇರಿದಳು. ಅಂಥ ಹೆಂಡತಿಯನ್ನು ಫಾಬ್ರಿಸ್ ಎಷ್ಟು ತಾಳ್ಮೆಯಿಂದ ಸಹಿಸಿಕೊಂಡಿದ್ದ ಎಂದು ಊರು ಅವನನ್ನು ಹೊಗಳಿತು. ಮುಂದಿನ ನವೆಂಬರಿನ ಕುರ್ಚಿಗಳು ವಸಂತಕ್ಕೇ ತುಂಬಿದವು.