ಸಹಜವಾಗಿ ನಡೀರಿ

ಮಂಡಿಗೆ ಅಂಟಿಸಿದ ಬಿಳಿ ಗುಂಡಿ ಮಿಣುಕುತ್ತಿದೆ, ಹಿಮ್ಮಡಿಗೆ ಇನ್ನೊಂದು, ಸೊಂಟಕ್ಕೆರಡು, ಸಿಕ್ಕಸಿಕ್ಕಲ್ಲಿ ಗುಂಡಿ ಹಚ್ಚಿಸಿಕೊಂಡ ಅಂಗಿಯ ಹಾಗೆ ನಿಂತಿದ್ದಾಳೆ ಅವಳು, ನಡಿಗೆ ಪರೀಕ್ಷೆಯ ಕೋಣೆಯ ಉದ್ದನೆಯ ಚಾಪೆಯ ತುದಿಯಲ್ಲಿ — ಸಹಜವಾಗಿ ನಡೀರಿ ಮೇಡಂ, ಕ್ಯಾಮೆರಾದವನು ಏಳನೇ ಸಲ ಅನ್ನುತ್ತಾನೆ, ಸಹಜವಾಗಿ! ಆರು ಕ್ಯಾಮೆರಾ ಗೋಡೆಯಿಂದ ಗುರಾಯಿಸುತ್ತಿರುವಾಗ, ಬಾಗಿಲ ಬಳಿ ಅಮ್ಮ ಕೈಚೀಲ ತಬ್ಬಿಕೊಂಡು ಗಡಿಯಾರ ನೋಡುತ್ತಿರುವಾಗ, ಸಹಜವಂತೆ ಸಹಜ. ಬಲಗಾಲೇ, ಎತ್ತು, ಹೆಬ್ಬೆರಳು ಮೇಲಕ್ಕೆ, ಮೇಲಕ್ಕೆ ಅಂದೆನಲ್ಲ — ಎತ್ತುತ್ತದೆ ದರಿದ್ರದ್ದು, ಇಲ್ಲಿ ಮಾತ್ರ ಹೇಳಿದ ಮಾತು ಕೇಳುತ್ತದೆ, ಬಸ್ಸಿನ ಬಾಗಿಲಲ್ಲಿ, ಆಫೀಸಿನ ಮೆಟ್ಟಿಲಲ್ಲಿ ಫೈಲುಗಳ ಸಮೇತ ಮುಗ್ಗರಿಸಿದಾಗ ಎಲ್ಲಿ ಹೋಗಿತ್ತೋ ಈ ವಿಧೇಯತೆ. ನರಗಳ ಡಾಕ್ಟರು ಹೇಳಿದ್ದರು, ನೋಡಮ್ಮ, ಮೆದುಳು ನಡೆ ಅಂತ ಒಂದ್ಸಲ ಹೇಳಿ ಬೇರೆ ಕೆಲಸ ನೋಡ್ಕೊಳ್ಳುತ್ತೆ, ಹೆಜ್ಜೆ ಮೇಲೆ ಹೆಜ್ಜೆ ಹಾಕ್ಸೋದು ಬೆನ್ನುಹುರಿ, ನೆಲ ಹೇಗಿದೆ ಅಂತ ಪಾದ ಸುದ್ದಿ ಕಳಿಸ್ತಾ ಇರುತ್ತೆ, ನಿನ್ನ ಪಾದದ ಸುದ್ದಿ ಮೇಲಕ್ಕೆ ಬರ್ತಿಲ್ಲ ಅಂತ ನನಗನುಮಾನ, ಪರೀಕ್ಷೆಯಲ್ಲಿ ಕಂಡ್ರೆ ಚಿಕಿತ್ಸೆ ಶುರು ಮಾಡೋಣ, ತಡವಾದ್ರೆ ಕಾಲು ಹೀಗೇ ಉಳಿದುಬಿಡುತ್ತೆ. ಪರೀಕ್ಷೆಯಲ್ಲಿ ಅದು ಹೇಗೆ ಕಾಣಬೇಕು? ಅಮ್ಮ ಹೊಲಿಗೆ ಮಷೀನಿನ ಮುಂದೆ ಕೂತು ತೋಳಿನ ಅಳತೆಗಾಗಿ ಗಿರಾಕಿಯ ಜೊತೆ ಜಗಳವಾಡುತ್ತಿದ್ದರೂ ಕೆಳಗೆ ಕಾಲುಗಳು ತಮ್ಮ ಪಾಡಿಗೆ ತಾವು ತುಳಿಯುತ್ತಿರುತ್ತವೆ, ಅವಕ್ಕೆ ಯಾರಾದರೂ ಸಹಜವಾಗಿ ತುಳೀರಿ ಅಂದು ನೋಡಲಿ, ಸೂಜಿ ಮುರಿಯುತ್ತದೆ. ಇವಳಿಗೋ, ಯಾರೋ ನೋಡುತ್ತಿದ್ದಾರೆ ಅಂದರೆ ಸಾಕು, ಮೆದುಳು ಓಡಿ ಬಂದು ಕಾಲನ್ನು ಕೈಹಿಡಿದು ನಡೆಸುತ್ತದೆ, ತಪಾಸಣೆಗೆ ಸಾಹೇಬರು ಬಂದ ದಿನದ ತರಗತಿ, ಕೊನೇ ಬೆಂಚಿನ ದಡ್ಡನೂ ಕೈ ಎತ್ತುತ್ತಾನೆ.

ಪರದೆಯ ಮೇಲೆ ಅವಳ ಚುಕ್ಕೆಗಳು ಠೀವಿಯಿಂದ ನಡೆದುಹೋದವು. ಚೆನ್ನಾಗೇ ಇದೆಯಲ್ಲ, ಅನ್ನುತ್ತಾನೆ ಕ್ಯಾಮೆರಾದವನು, ನಾರ್ಮಲ್ ಅಂತ ಬರೀತೀನಿ. ನಾನು ಬಡ್ಕೊಳ್ಳಲಿಲ್ವಾ, ಅನ್ನುತ್ತಾಳೆ ಅಮ್ಮ, ಇಲ್ಲಿ ಮಹಾರಾಣಿ ಥರ ನಡೀತೀಯ, ಮನೇಲಿ ಬಟ್ಟೆ ಒಣಹಾಕು ಅಂದ್ರೆ ಮಾತ್ರ ಕಾಲು ಎಳೀತೀಯ. ಅಲ್ಲಮ್ಮಾ, ಇಲ್ಲಿ ನಾನೇ ಬೇಕಂತ ಎತ್ತಿದ್ದು — ಹಾಗಾದ್ರೆ ಮನೇಲೂ ಬೇಕಂತಲೇ ಎತ್ತು. ಗುಂಡಿಗಳನ್ನು ಪಟಪಟ ಕಿತ್ತುಕೊಟ್ಟು, ಚಪ್ಪಲಿ ಮೆಟ್ಟಿ, ಚಾಪೆ ತುಳಿದುಕೊಂಡೇ ಹೊರಟುಬಿಡುತ್ತಾಳೆ, ಕ್ಯಾಮೆರಾಗಳ ದೀಪ ಆರಿದೆ, ಆರಲಿ, ಅಮ್ಮನಿಗೊಂದು ಉತ್ತರ, ಡಾಕ್ಟರಿಗೊಂದು, ಎಲ್ಲ ಮನಸ್ಸಿನಲ್ಲೇ, ಜೋರಾಗಿ, ಬಾಗಿಲು ಇನ್ನೇನು ಬಂತು ಅನ್ನುವಾಗ — ಏ, ನಿಲ್ಲೇ. ಬೈಗುಳ ಅರ್ಧಕ್ಕೇ ನಿಂತ ಅಮ್ಮನ ದನಿ. ನಿನ್ನ ಚಪ್ಪಲಿ. ಎಡಗಾಲಲ್ಲಿದೆ, ಬಲಗಾಲು ಬರಿದು, ಯಾವಾಗ ಕಳಚಿತು, ತಣ್ಣನೆಯ ನೆಲ ಒಂದು ಮಾತೂ ಹೇಳಲಿಲ್ಲವಲ್ಲ, ಹಿಂದೆ ಐದು ಹೆಜ್ಜೆ ದೂರದಲ್ಲಿ ಬಿದ್ದಿದೆ, ಬರೆಯುತ್ತಿದ್ದವನ ಪೆನ್ನು ಗಾಳಿಯಲ್ಲೇ ನಿಂತಿದೆ, ಎತ್ತಿಕೊಡಲು ಬಗ್ಗಿದ ಅಮ್ಮ ಎತ್ತಿಕೊಡದೆ ಅದರ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತುಬಿಟ್ಟಿದ್ದಾಳೆ — ಚಪ್ಪಲಿ, ಬಾರು ಕಿತ್ತಿಲ್ಲ, ಉಂಗುಷ್ಠ ಹರಿದಿಲ್ಲ, ಚಾಪೆಯ ನಟ್ಟನಡುವೆ, ಚಪ್ಪಲಿ, ಒಂದೇ ಒಂದು, ಚಪ್ಪಲಿ.