ಸ್ಪೀಕರಿನಲ್ಲಿ ಟಿಕ್ ಟಿಕ್

ನನ್ನ ಗಂಡ ಯೋಗಾನಂದರಿಗೆ ಹಾಡಿನ ಹುಚ್ಚು. ಸಕಲೇಶಪುರದಲ್ಲಿ ಯಾರೋ ಮನೆ ಖಾಲಿ ಮಾಡುವಾಗ ಮಾರಿದ ಆಂಪ್ಲಿಫೈಯರನ್ನೂ ಎರಡು ದೊಡ್ಡ ಸ್ಪೀಕರುಗಳನ್ನೂ ಜೀಪಿಗೆ ಹೇರಿಕೊಂಡು ಬಂದ ದಿನದಿಂದ ನಮ್ಮ ಹಜಾರದಲ್ಲಿ ಕಾಲಿಡಲು ಜಾಗವಿಲ್ಲ. ಹೋಗಲಿ, ಹಾಡಾದರೂ ನೆಟ್ಟಗೆ ಕೇಳಿಸಿತೇ? ಅದೂ ಇಲ್ಲ. ಹಾಡಿನ ನಡುವೆ ಟಿಕ್, ಟಿಕ್ ಎಂಬ ಸದ್ದು. ಹಾಡು ನಿಲ್ಲಿಸಿದರೂ ಅದೇ ಟಿಕ್ ಟಿಕ್.

ಕಾಫಿ ಕೊಯ್ಲಿನ ಕಾಲ. ಯಸಳೂರು ಕಡೆಯ ತೋಟಗಳಲ್ಲೆಲ್ಲ ಜನ ಬೆನ್ನು ನೆಟ್ಟಗೆ ಮಾಡಲು ಪುರುಸೊತ್ತಿಲ್ಲದೆ ದುಡಿಯುತ್ತಿದ್ದರೆ, ಇವರು ಊಟ ಮುಗಿಸಿ ವೈರುಗಳ ನಡುವೆ ಕೂತರು. ಹಿತ್ತಲ ಕಣದಲ್ಲಿ ನಮ್ಮತ್ತೆ ಹುಲಿಯಮ್ಮ ಒಬ್ಬರೇ ಒಣಗುವ ಕಾಫಿ ಮಗುಚುತ್ತಿದ್ದರು. ವಯಸ್ಸಾಗಿದೆ, ಕಿವಿ ಕೇಳಿಸದು, ಕೂತಿರಿ ಎಂದರೆ ನನ್ನ ಮೇಲೇ ರೇಗುತ್ತಾರೆ.

ಸದ್ದು ಎಲ್ಲಿಂದ ಎಂದು ತಿಳಿಯಬೇಕಾದರೆ ಮನೆಯ ಒಂದೊಂದೇ ಸಾಮಾನನ್ನು ಆಫ್ ಮಾಡುತ್ತ ಹೋಗಬೇಕಂತೆ. ಫ್ರಿಜ್ಜು ಆಫಾಯಿತು. ಟಿಕ್. ಯುಪಿಎಸ್ ಆಫಾಯಿತು. ಟಿಕ್. ಮೋಟರು, ಟಿವಿ, ಕೊನೆಗೆ ನನ್ನ ಮಿಕ್ಸಿಯ ಪ್ಲಗ್ಗನ್ನೂ ಕಿತ್ತರು.

"ಓಡ್ದೇ ಇರೋ ಮಿಕ್ಸಿ ಏನ್ರೀ ಪಾಪ ಮಾಡಿತ್ತು?"

"ಸುಮ್ನಿರು ಮಾರಾಯ್ತಿ. ಕಳ್ಳ ಇಲ್ಲೇ ಎಲ್ಲೋ ಅವ್ನೆ."

ಹಾಳಾಗಿ ಹೋಗಲಿ ಎಂದು ಪಾತ್ರೆ ತೊಳೆಯಲು ಹೋದೆ. ಸ್ವಲ್ಪ ಹೊತ್ತಿಗೆ ಹಜಾರದಿಂದ ಕೂಗು ಬಂತು.

"ಗಂಗಾ, ಬಾ ಇಲ್ಲಿ! ಸಿಕ್ಬುಟ್ಟ ಕಳ್ಳ!"

ಹೋಗಿ ನೋಡಿದರೆ ಹಾಡು ತಿಳಿನೀರಾಗಿ ಹರಿಯುತ್ತಿದೆ. ಟಿಕ್ ಇಲ್ಲ.

"ಬೇಲಿ ಮೆಷಿನ್ನು ಕಣೇ! ಅದ್ರ ಅರ್ತಿಂಗೂ ಮನೆ ಅರ್ತಿಂಗೂ ಒಂದೇ ಗುಂಡಿಗೆ ಕೊಟ್ಟಿದ್ನಲ್ಲ, ಇನ್ನೊಂದು ಯಾರು ತೋಡ್ತಾರೆ ಅಂತ. ತಂತಿಗೆ ಕರೆಂಟ್ ಹೊಡ್ದಾಗೆಲ್ಲ ಇಲ್ಲಿ ಟಿಕ್ ಅಂತೈತೆ."

ತೋಟದ ಸುತ್ತ ಆನೆ ಬಾರದಂತೆ ಹಾಕಿದ ಸೋಲಾರ್ ಬೇಲಿ ಅದು. "ಬೇಲಿ ಆಫ್ ಮಾಡಿದ್ರಾ?"

"ಹಗಲೊತ್ತಲ್ವೇನೇ. ಆನೆ ಆನೇಮಹಲ್ ಕಡೆ ಐತೆ ಅಂತ ಬೆಳಿಗ್ಗೆನೇ ಫಾರೆಸ್ಟ್‌ನೋರ ಮೆಸೇಜ್ ಬಂದೈತೆ. ಕೂತ್ಕೋ, ಒಂದೇ ಒಂದು ಹಾಡು."

ಕೂತೆ. ಸುಳ್ಳು ಯಾಕೆ ಹೇಳಲಿ, ಚೆನ್ನಾಗಿಯೇ ಇತ್ತು. ಹಾಡು ಮುಗಿಯುವ ಹೊತ್ತಿಗೆ ಅತ್ತೆ ಬಿಸಿಲಲ್ಲಿ ಏನು ಮಾಡುತ್ತಿದ್ದಾರೋ ಎಂದು ಕಿಟಕಿಯ ಕಡೆ ತಿರುಗಿದೆ.

ಕಣದ ಅಂಚಿನ ಬಗನಿ ಮರದ ಬುಡದಲ್ಲಿ ಆನೆ ನಿಂತಿತ್ತು. ಒಂಟಿ ಸಲಗ. ಗರಿ ಎಳೆದು ಬಾಯಿಗಿಡುತ್ತಿತ್ತು. ಅತ್ತೆ ಅದಕ್ಕೆ ಬೆನ್ನು ಹಾಕಿ ಉದ್ದ ಕೋಲಿನ ಗೋರುಮಣೆಯಿಂದ ಕಾಫಿ ಎಳೆಯುತ್ತಿದ್ದರು. ಗೋರುಮಣೆ ಎಳೆಯುವವರು ಹಿಂದಕ್ಕೆ ಹಿಂದಕ್ಕೆ ನಡೆಯುತ್ತಾರೆ. ಅತ್ತೆ ಒಂದೊಂದೇ ಹೆಜ್ಜೆ ಹಿಂದಿಡುತ್ತ ನೇರವಾಗಿ ಆನೆಯ ಕಡೆಗೇ ಹೋಗುತ್ತಿದ್ದರು.

ಇವರೂ ನೋಡಿದರು. "ಅಯ್ಯೋ ಅವ್ವಾ" ಎಂದು ಮೆಷಿನ್ನಿನ ಸ್ವಿಚ್ಚಿಗೆ ಹಾರಿದರು. ನಾನು ಎರಡೂ ಕೈಯಿಂದ ಅವರ ತೋಳು ಹಿಡಿದೆ.

"ಆನೆ ಒಳಗೈತೆ ಕಣ್ರೀ! ಈಗ ಬೇಲಿ ಹಾಕ್ತೀರಾ? ತಲೆ ಕೆಟ್ಟೈತಾ ನಿಮಗೆ?"

ಒಳಗೆ ಬಂದ ಆನೆಗೆ ಬಂದ ದಾರಿ ಬಿಟ್ಟುಕೊಡಬೇಕು. ಹೊರಗೆ ಹೋಗುವಾಗ ತಂತಿ ಹೊಡೆದರೆ ಅದು ಸಿಟ್ಟಿನಿಂದ ಹಿಂದಕ್ಕೆ ತಿರುಗುತ್ತದೆ. ನಮ್ಮಲ್ಲಿ ಶಾಲೆಗೆ ಹೋಗುವ ಮಕ್ಕಳಿಗೂ ಇದು ಗೊತ್ತು. ಕೂಗುವಂತೆಯೂ ಇಲ್ಲ. ಕೂಗಿದರೆ ಅತ್ತೆಗೆ ಕೇಳಿಸದು, ಆನೆಗೆ ಕೇಳಿಸುತ್ತದೆ. ಇವರು ಇನ್ನೊಂದು ಕೈ ಚಾಚಿ ಹಾಡು ನಿಲ್ಲಿಸಿದರು.

ಅತ್ತೆ ಇನ್ನೊಂದು ಹೆಜ್ಜೆ ಹಿಂದಿಟ್ಟರು. ಆನೆ ತಿನ್ನುವುದು ನಿಲ್ಲಿಸಿ ಸೊಂಡಿಲು ಎತ್ತಿತು. ದಿನ ಬೆಳಗಾದರೆ ನನಗೂ ಅವರಿಗೂ ಜಗಳ. ಸಾರಿಗೆ ಉಪ್ಪು ಹೆಚ್ಚಾದರೂ ಜಗಳ, ಕಡಿಮೆಯಾದರೂ ಜಗಳ. ಆದರೂ ಈ ಮುದುಕಿ ಇಲ್ಲದ ಮನೆ ನನಗೆ ಬೇಡವೇ ಬೇಡ ಅನ್ನಿಸಿತು. ದೇವರೇ, ಅವರು ಅಲ್ಲೇ ನಿಲ್ಲುವ ಹಾಗೆ ಮಾಡಪ್ಪಾ ಎಂದು ಒಂದು ಕೈಯಲ್ಲಿ ಕಿಟಕಿಯ ಸರಳು ಗಟ್ಟಿಯಾಗಿ ಹಿಡಿದೆ.

ಅತ್ತೆ ನಿಂತರು. ಸೆರಗಿನಿಂದ ಮುಖ ಒರೆಸಿಕೊಂಡರು. ಸೊಂಡಿಲು ಅವರ ತಲೆಯ ಹಿಂದೆ, ಗೋರುಮಣೆಯ ಕೋಲಿನಷ್ಟು ದೂರದಲ್ಲಿ ಗಾಳಿ ಮೂಸುತ್ತಿತ್ತು. ಉಸಿರು ಬಿಟ್ಟರೆ ಅದಕ್ಕೆ ಕೇಳಿಸೀತು ಎಂದು ನಾನು ಉಸಿರೂ ಬಿಡಲಿಲ್ಲ. ಆಮೇಲೆ ಆನೆಗೆ ಏನನ್ನಿಸಿತೋ, ಗರಿಯೊಂದನ್ನು ಬಾಯಲ್ಲಿ ಕಚ್ಚಿಕೊಂಡು ತಿರುಗಿತು. ಸತ್ತ ತಂತಿಯನ್ನು ತುಳಿದು ದಾಟಿ, ಪಕ್ಕದ ಎಸ್ಟೇಟಿನ ಗಿಡಗಳೊಳಗೆ ಇಳಿದುಹೋಯಿತು.

ಆಗ ಇವರ ತೋಳು ಬಿಟ್ಟೆ. ಇವರು ಆನೆ ತುಳಿದ ತಂತಿ ಎತ್ತಿ ಕಟ್ಟಿ ಬೇಲಿ ಹಾಕಲು ಓಡಿದರು, ನಾನು ಬರಿಗಾಲಲ್ಲಿ ಕಣಕ್ಕೆ ಓಡಿದೆ.

ನಾನು ಕೈ ಹಿಡಿದು ತಿರುಗಿಸಿದಾಗಲೇ ಅತ್ತೆ ಗರಿ ಕಿತ್ತ ಮರ ನೋಡಿದ್ದು, ಅಂಚಿನ ಕಾಫಿಯ ಮೇಲೆ ಮೂಡಿದ್ದ ಆನೆ ಹೆಜ್ಜೆ ನೋಡಿದ್ದು. ಅಲ್ಲೇ ಕುಸಿದು ಕೂತರು.

"ಬೇಲಿ ಹೆಂಗೇ ದಾಟ್ತು?"

"ಕರೆಂಟ್ ಹೋಗಿತ್ತು ಅತ್ತೆ" ಎಂದು ಕಿವಿಯ ಹತ್ತಿರ ಕೂಗಿದೆ. ಗಂಡನ ಮಾನ ಉಳಿಸಲು ಬಾಯಿಗೆ ಬಂದದ್ದು ಅಷ್ಟೇ.

"ಬಿಸ್ಲಲ್ಲಿ ಓಡೋ ಬೇಲಿಗೆ ಕರೆಂಟ್ ಯಾಕೇ?"

ಅವರು ಕಿಟಕಿಯಾಚೆಯ ಸ್ಪೀಕರುಗಳನ್ನೇ ದಿಟ್ಟಿಸಿದರು. ಅಷ್ಟರಲ್ಲಿ ಇವರು ಬೇಲಿ ಹಾಕಿ ಹಿತ್ತಲ ಮೆಟ್ಟಿಲಿಗೆ ಬಂದಿದ್ದರು. ಮುಖದಲ್ಲಿ ರಕ್ತವಿಲ್ಲ, ಇಳಿದು ಬರಲು ಧೈರ್ಯವಿಲ್ಲ. ಅತ್ತೆ ನನ್ನ ಸೆರಗು ಎಳೆದು, ಬಾಯಿಗೆ ಕೈ ಅಡ್ಡ ಹಿಡಿದು, ಗುಟ್ಟು ಹೇಳಿದರು. ಕಿವಿ ಕೇಳದವರಿಗೆ ತಮ್ಮ ದನಿ ಎಷ್ಟೆಂದು ಎಲ್ಲಿ ತಿಳಿಯಬೇಕು? ಕಣಕ್ಕೆಲ್ಲ ಕೇಳಿಸಿತು.

"ನಂಗೆ ಗೊತ್ತಾಯ್ತು ಅಂತ ಅವ್ನಿಗೆ ಹೇಳ್ಬೇಡ ಕಣೇ. ಪಾಪ, ಹೆದ್ರುಕೊಂಬುಟ್ಟವ್ನೆ ನನ್ ಮಗ."

ಇವರು ಮೆಟ್ಟಿಲ ಮೇಲೆಯೇ ಮುಖ ಮುಚ್ಚಿಕೊಂಡು ಕೂತುಬಿಟ್ಟರು.